ಸಿದ್ದರಾಜುವಿನ ಬ್ಯಾಗು

ಆ ಗ್ರಿಲ್ಲನ್ನು ಕದ್ದವನು ನಾನು. ಸಿದ್ದರಾಜು ಅಲ್ಲ.

ಈ ಎರಡು ಸಣ್ಣ ವಾಕ್ಯಗಳನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಗ್ರಿಲ್ ಎಂದರೆ ಮನೆಯ ಕಿಟಕಿಯದ್ದಲ್ಲ. ಲಾರಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ಇರುತ್ತದಲ್ಲ, ಆ ಜಾಲರಿ. ಅದೂ ನಿಜವಾದ ಲಾರಿಯದ್ದಲ್ಲ, ರಿಮೋಟಿನಿಂದ ಓಡಿಸುವ, ಮೊಣಕೈಯುದ್ದದ ಹಳೇ ಮಾದರಿ ಲಾರಿಯದ್ದು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ, ಬೆಳ್ಳಿಯ ಹಾಗೆ ಹೊಳೆಯುವ ಒಂದು ಪ್ಲಾಸ್ಟಿಕ್ ತುಂಡು. ಅಷ್ಟಕ್ಕೇನಾ ಎಂದು ನಿಮಗೆ ನಗು ಬರಬಹುದು. ನಾನೂ ಆ ವಿಷಯಕ್ಕೆ ನಕ್ಕಿದ್ದೇನೆ — ಆ ನಗುವಿನ ಬಗ್ಗೆಯೂ ಹೇಳುತ್ತೇನೆ, ಅದೂ ನನ್ನ ಪಾಪದ ಒಂದು ಭಾಗವೇ.

ನನ್ನ ಹೆಸರು ಪ್ರಭುಸ್ವಾಮಿ. ನಂಜನಗೂಡಿನಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ನಾನು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದರ ಮೇಲೆ ಹಲ್ಲಿನ ಸೆಟ್ಟು ಕಟ್ಟಿಕೊಡುತ್ತೇನೆ. ಟಿ. ನರಸೀಪುರದ ಕ್ಲಿನಿಕ್ಕುಗಳಿಗೆ ವಾರಕ್ಕೊಮ್ಮೆ ನಾನೇ ಬಸ್ಸಿನಲ್ಲಿ ಹೋಗಿ ಸೆಟ್ಟುಗಳನ್ನು ಮುಟ್ಟಿಸುತ್ತಿದ್ದೆ. ಆ ಬಸ್ಸಿನ ಕಂಡಕ್ಟರ್ ಸಿದ್ದರಾಜು.

ಒಂದು ದಿನ ರಸ್ತೆಯುಬ್ಬಿನ ಮೇಲೆ ಬಸ್ಸು ಎಗರಿದಾಗ ನನ್ನ ಮಡಿಲಿನ ಡಬ್ಬಿ ಬಿಚ್ಚಿಕೊಂಡು ಯಾರದೋ ಮೇಲ್ದವಡೆಯ ಸೆಟ್ಟು ಅವನ ಕಾಲಬುಡಕ್ಕೆ ಜಾರಿಹೋಯಿತು. ಅವನು ಅದನ್ನು ಎತ್ತಿ, ಕರ್ಚೀಫಿನಿಂದ ಒರೆಸಿ, "ಸಾ, ಯಾರ್ದೋ ನಗು ಬಿದ್ದೋಗಿತ್ತು, ತಗಳಿ" ಎಂದ. ಬಸ್ಸೆಲ್ಲ ನಕ್ಕಿತು. ಆದರೆ ಅವನು ಸೆಟ್ಟನ್ನು ಕೂಡಲೇ ಕೊಡಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ನನ್ನ ಪಕ್ಕ ಬಂದು ಕೂತು, ಅಂಗಿಯ ಜೇಬಿನಿಂದ ಒಂದು ಸಣ್ಣ ಬಿಳೀ ಗೇರ್ ತೆಗೆದ. ಅದರಲ್ಲಿ ಒಂದು ಹಲ್ಲು ಮುರಿದಿತ್ತು.

"ಮನುಷ್ಯರಿಗೆ ಕಟ್ಟೋ ತರ ಇದ್ಕೊಂದ್ ಅಲ್ಲು ಕಟ್ಕೊಡ್ತೀರಾ ಸಾ?"

ಅದು ಅವನ ಲಾರಿಯ ಗೇರ್ ಬಾಕ್ಸಿನದ್ದು. ಮೈಸೂರಿನ ಒಂದು ಗುಜರಿಯಲ್ಲಿ, ಹಳೇ ಟೇಪ್ ರೆಕಾರ್ಡರುಗಳ ರಾಶಿಯ ಕೆಳಗೆ ಅವನಿಗೆ ಆ ಲಾರಿ ಸಿಕ್ಕಿತ್ತಂತೆ. ನಾವು ಹುಡುಗರಾಗಿದ್ದ ಕಾಲದಲ್ಲಿ ಜಪಾನಿನಿಂದ ಬರುತ್ತಿದ್ದ ಕಿಟ್ಟು. ತುಂಡು ತುಂಡಾಗಿ ಬರುವುದನ್ನು ಮನೆಯಲ್ಲಿ ಕೂತು ಸ್ಕ್ರೂ ಹಾಕಿ ಕಟ್ಟಿಕೊಳ್ಳಬೇಕು. ಯಾರೋ ಕೊಲ್ಲಿ ದೇಶದಿಂದ ತಂದು, ಮಕ್ಕಳು ಮುರಿದು, ಬಿಸಾಕಿದ್ದು. ನಾನು ನನ್ನ ಅಕ್ರಿಲಿಕ್ಕಿನಲ್ಲಿ ಆ ಹಲ್ಲನ್ನು ಕಟ್ಟಿ, ಅರದಿಂದ ತೀಡಿ ಕೊಟ್ಟೆ. ಮುಂದಿನ ಭಾನುವಾರ ಅವನು ನನ್ನನ್ನು ಟಿ. ನರಸೀಪುರದ ತನ್ನ ಮನೆಗೆ ಕರೆದ. ಅಂಗಳದಲ್ಲಿ ಲಾರಿಯನ್ನು ಇಟ್ಟು, ರಿಮೋಟಿನ ಉದ್ದನೆಯ ಏರಿಯಲ್ ಎಳೆದು, ಕಡ್ಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದ. ಲಾರಿ ಒಂದು ಸಲ ನಡುಗಿತು. ಆಮೇಲೆ ಮೊದಲನೇ ಗೇರಿನಲ್ಲಿ ಗೊರಗೊರ ಎಂದು ತುಳಸಿಕಟ್ಟೆಯಿಲ್ಲದ ಆ ಬಯಲು ಅಂಗಳವನ್ನು ಒಂದು ಸುತ್ತು ಹಾಕಿತು. ಸಿದ್ದರಾಜು, ಅವನ ಹೆಂಡತಿ ಮಂಗಳಾ, ನಾನು — ಮೂವರೂ ನೋಡುತ್ತಾ ನಿಂತಿದ್ದೆವು. ನಾನು ಕಟ್ಟಿದ ಹಲ್ಲು ಅದರೊಳಗೆ ತಿರುಗುತ್ತಿತ್ತು. ಎಷ್ಟೋ ಬಾಯಿಗಳಿಗೆ ಹಲ್ಲು ಕಟ್ಟಿದ್ದೆ, ಅಂಥ ಖುಷಿ ಯಾವತ್ತೂ ಆಗಿರಲಿಲ್ಲ.

ಹಾಗೆ ಶುರುವಾಯಿತು ನಮ್ಮ ಹುಚ್ಚು. ನಾನೂ ಒಂದು ಹಳೇ ಲಾರಿ ಹುಡುಕಿ ತಂದೆ, ಆಮೇಲೆ ಇನ್ನೊಂದು. ಬಿರುಕು ಬಿಟ್ಟ ಟಯರುಗಳನ್ನು ಉಜ್ಜುವುದು, ಹಳದಿಗಟ್ಟಿದ ಕ್ಯಾಬಿನ್ನನ್ನು ಬಿಸಿಲಿಗಿಟ್ಟು ಬಿಳುಪು ಮಾಡುವುದು, ತುಕ್ಕು ಹಿಡಿದ ಚಾಸಿಗೆ ಬಣ್ಣ ಹೊಡೆಯುವುದು. ಸಿದ್ದರಾಜು ಸೈಕಲ್ ಟ್ಯೂಬ್ ಕತ್ತರಿಸಿ ಚಕ್ರಗಳ ಹಿಂದೆ ಕೆಸರುಪಟ್ಟಿ ಕಟ್ಟಿದ. ಮಂಗಳಾ ಹಳೇ ಕೊಡೆಯ ಬಟ್ಟೆಯಿಂದ ಅದಕ್ಕೊಂದು ಟಾರ್ಪಾಲು ಹೊಲಿದುಕೊಟ್ಟಳು. ಬೇಸಿಗೆಯಲ್ಲಿ ಸಂಗಮದ ಮರಳಿನ ಮೇಲೆ ಇಬ್ಬರೂ ಲಾರಿ ಓಡಿಸುತ್ತಿದ್ದೆವು, ಮದುವೆಯಾಗಿ ಮಕ್ಕಳಿದ್ದ ಎರಡು ಗಂಡಸರು. "ಸಾ" ಹೋಗಿ "ಪ್ರಭು" ಆಯಿತು, "ಪ್ರಭು" ಹೋಗಿ "ಲಾ" ಆಯಿತು.

ಅವನ ಲಾರಿಗೆ ಒಂದೇ ಒಂದು ಕೊರತೆ. ಮೂತಿಯ ಗ್ರಿಲ್ ಇರಲಿಲ್ಲ. ಆ ಜಾಗಕ್ಕೆ ಸೊಳ್ಳೆಪರದೆಯ ತಂತಿಬಲೆಯ ತುಂಡೊಂದನ್ನು ಅಂಟಿಸಿದ್ದ. ದೂರದಿಂದ ಚೆನ್ನಾಗೇ ಕಾಣುತ್ತಿತ್ತು. ಆದರೆ ಅವನು ಲಾರಿಯನ್ನು ಎತ್ತಿಕೊಂಡಾಗಲೆಲ್ಲ ಹೆಬ್ಬೆರಳಿನಿಂದ ಆ ಜಾಗವನ್ನು ಮುಚ್ಚಿ ಹಿಡಿಯುತ್ತಿದ್ದ. ಗೊತ್ತಿದ್ದು ಮಾಡುತ್ತಿದ್ದನೋ ಇಲ್ಲವೋ —

ಚಿಕ್ಕಯ್ಯನಛತ್ರದ ಹತ್ತಿರ ರೇಣುಕಾಪ್ರಸಾದ್ ಎಂಬವರ ತೋಟದ ಮನೆ ಇದೆ. ಅಕ್ಕಿ ಗಿರಣಿಯವರು, ನನ್ನ ಹೆಂಡತಿಯ ಕಡೆಯಿಂದ ದೂರದ ನೆಂಟರು. ಅವರಿಗೂ ಇದೇ ಹುಚ್ಚು. ಮೈಸೂರಿನಿಂದ, ಸುತ್ತಮುತ್ತಲಿಂದ ಹತ್ತಾರು ಜನ ತಿಂಗಳಿಗೊಮ್ಮೆ ತಮ್ಮ ತಮ್ಮ ಲಾರಿಗಳನ್ನು ಕಾರಿನಲ್ಲಿ ಹಾಕಿಕೊಂಡು ಅಲ್ಲಿ ಸೇರುತ್ತಿದ್ದರು. ನಾನು ಆ ಗುಂಪಿಗೆ ಸುಲಭವಾಗಿ ಸೇರಿಕೊಂಡೆ. ಹೋಗಿ ಬಂದಾಗಲೆಲ್ಲ ಅಲ್ಲಿ ನೋಡಿದ ಲಾರಿಗಳ ಬಗ್ಗೆ ಸಿದ್ದರಾಜುಗೆ ಹೇಳುತ್ತಿದ್ದೆ. ಅವನು ಕಣ್ಣರಳಿಸಿ ಕೇಳುತ್ತಿದ್ದ. ನೀನೂ ಬಾ ಎಂದರೆ ಮಾತ್ರ, "ಅಲ್ಲಿ ನಂಗೇನ್ ಕೆಲ್ಸ ಕಣ್ಲಾ" ಎಂದು ಜಾರಿಕೊಳ್ಳುತ್ತಿದ್ದ. ನಾನು ಬಿಡಲಿಲ್ಲ.

"ನಾನಿದ್ದೀನಲ್ಲ, ಬಾರೋ."

ಹೌದು, ಈ ಮಾತು ನನ್ನದೇ. ನನ್ನನ್ನು ನಂಬಿ ಅವನು ಬಂದ.

ಮೊದಲ ಸಲ ಹೋದಾಗಲೇ ಯಾರೋ ಕೇಳಿದರು, "ಟಿ. ನರಸೀಪುರದಲ್ಲಿ ಯಾವ ಬೀದಿ ನಿಮ್ದು?" ಆ ಪ್ರಶ್ನೆ ಏನನ್ನು ಕೇಳುತ್ತಿದೆ ಎಂದು ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿದ್ದರಾಜು ಮುಚ್ಚುಮರೆಯಿಲ್ಲದೆ ಬೀದಿಯ ಹೆಸರು ಹೇಳಿದ. ಯಾರೂ ಏನೂ ಅನ್ನಲಿಲ್ಲ. ನಗುನಗುತ್ತಲೇ ಮಾತಾಡಿಸಿದರು. ಅವನ ಲಾರಿಯನ್ನು ಹೊಗಳಿದರು, ಮೂತಿಯ ಬಲೆಯನ್ನು ನೋಡಿ "ಒಳಗೆ ಸೊಳ್ಳೆ ಹೋಗಲ್ಲ ಬಿಡಿ" ಎಂದು ತಮಾಷೆ ಮಾಡಿದರು. ಅವನೂ ನಕ್ಕ. ಆದರೆ ಆ ದಿನ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನ ಹೆಬ್ಬೆರಳು ಆ ಜಾಗದ ಮೇಲೇ ಇತ್ತು.

ರೇಣುಕಾಪ್ರಸಾದರ ಹತ್ತಿರ ಅದೇ ಲಾರಿ ಇತ್ತು. ಒಂದು ಗೀರೂ ಇಲ್ಲದ್ದು, ಡಬ್ಬದ ಸಮೇತ. ಗ್ರಿಲ್ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಸಲ ಅಚ್ಚು ತೆಗೆದುಕೊಳ್ಳುತ್ತೇನೆ, ಸಿದ್ದರಾಜುಗೊಂದು ಎರಕ ಹೊಯ್ದುಕೊಡುತ್ತೇನೆ ಎಂದು ಅವರನ್ನು ಕೇಳಿದೆ. ಅವರು ಒಪ್ಪಲಿಲ್ಲ. "ಎಲ್ರೂ ಕಾಪಿ ಮಾಡ್ಕೊಂಡ್ರೆ ಒರಿಜಿನಲ್ ಇಟ್ಕೊಂಡೋನಿಗೆ ಏನ್ ಮರ್ಯಾದೆ ಸ್ವಾಮಿ?" ಎಂದರು.

ಆಗ ನಾನು ಯೋಚಿಸಿದ್ದು — ಕೇಳದೆಯೇ ತೆಗೆದರೆ? ನಮ್ಮ ಕೆಲಸದಲ್ಲಿ ಅಚ್ಚು ತೆಗೆಯುವ ಪುಟ್ಟಿ ಇದೆ. ಎರಡು ಉಂಡೆಗಳನ್ನು ಸೇರಿಸಿ ನಾದಿ ಒತ್ತಿದರೆ ಸ್ವಲ್ಪ ಹೊತ್ತಿಗೆ ರಬ್ಬರಿನಂತೆ ಗಟ್ಟಿಯಾಗುತ್ತದೆ, ಒತ್ತಿದ ವಸ್ತುವಿಗೆ ಏನೂ ಆಗುವುದಿಲ್ಲ. ಗ್ರಿಲ್ ಇದ್ದ ಜಾಗಕ್ಕೆ ಹಿಂತಿರುಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸಿದ್ದರಾಜುವಿನ ಮುಖವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಪುಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಇದನ್ನು ನೆಪಕ್ಕೆ ಹೇಳುತ್ತಿಲ್ಲ. ಅವನಿಗಾಗಿ ಕದ್ದೆ ಎಂಬುದು ನಿಜ. ಆದರೆ ಮುಂದೆ ಆಗಿದ್ದರ ಎದುರು ಈ ನಿಜ ಯಾವ ಮೂಲೆಗೂ ಸಾಲುವುದಿಲ್ಲ.

ಆ ದಿನ ರೇಣುಕಾಪ್ರಸಾದರು ಗ್ರಿಲ್ಲನ್ನು ಬಿಚ್ಚಿ, ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟು ಎಲ್ಲರಿಗೂ ತೋರಿಸಿದ್ದರು. ಆಮೇಲೆ ಎಲ್ಲರೂ ಲಾರಿ ಓಡಿಸಲು ಕಣದ ಕಡೆ ಹೊರಟರು. ನಾನು ಹಿಂದುಳಿದೆ. ಗ್ರಿಲ್ಲನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀಲಿ ಪುಟ್ಟಿ ನಾದಿದೆ, ಒತ್ತಿದೆ, ಕಾದೆ. ಅಚ್ಚು ಚೆನ್ನಾಗಿ ಬಂತು. ಅಚ್ಚನ್ನು ಬ್ಯಾಗಿನ ತಳಕ್ಕೆ ಹಾಕಿ, ಗ್ರಿಲ್ಲನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೊರಗೆ ಬರುವಷ್ಟರಲ್ಲಿ — ಯಾರದೋ ಬ್ಯಾಟರಿ ಕೈಕೊಟ್ಟು ಎಲ್ಲರೂ ಒಳಗೆ ಬಂದುಬಿಟ್ಟಿದ್ದರು. ಮೇಜಿನ ಸುತ್ತ ಊಟಕ್ಕೆ ಕೂರುತ್ತಿದ್ದರು. ಸಿದ್ದರಾಜು ತನ್ನ ಪಕ್ಕದ ಕುರ್ಚಿಯನ್ನು ನನಗಾಗಿ ಹಿಡಿದಿಟ್ಟಿದ್ದ, ಹೋಗಿ ಕೂತೆ.

ಬಟ್ಟೆ ಖಾಲಿಯಾಗಿರುವುದನ್ನು ರೇಣುಕಾಪ್ರಸಾದರು ನೋಡಿದರು.

ಮೊದಲು ಮೇಜಿನ ಮೇಲೆ ಹುಡುಕಿದರು. ಬಟ್ಟೆ ಕೊಡವಿದರು. ಆಗಲೇ ನಾನು ಜೇಬಿಗೆ ಕೈಹಾಕಿ, "ಇಲ್ಲಿದೆ ಸಾರ್, ತಪ್ಪಾಯ್ತು" ಎಂದಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಹಾಗೆ ಮಾಡಲಿಲ್ಲ. ಅಷ್ಟರಲ್ಲಿ ಮೈಸೂರಿನವರೊಬ್ಬರು, "ತಪ್ಪು ತಿಳ್ಕೋಬೇಡಿ, ಎಲ್ರ ಬ್ಯಾಗೂ ಒಂದ್ಸಲ ನೋಡ್ಬಿಡೋಣ" ಎಂದರು.

ನನ್ನ ಬ್ಯಾಗಿನಲ್ಲಿ ಅಚ್ಚಿತ್ತು. ಗ್ರಿಲ್ಲಿನ ಒಂದೊಂದು ಗೆರೆಯೂ ಮೂಡಿದ್ದ ನೀಲಿ ಅಚ್ಚು.

ಆಗ ನಾನು ಆ ಮಾತು ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ನಾನಾಗೇ ಹೇಳಿದೆ, ನಗುತ್ತಾ ಹೇಳಿದೆ.

"ಎಲ್ರದ್ದೂ ಯಾಕೆ ಸಾರ್? ನಮ್ ಸಿದ್ದರಾಜು ಬ್ಯಾಗ್ ನೋಡ್ಬಿಡಿ ಸಾಕು. ಅವ್ನೇನೂ ತಪ್ಪು ತಿಳ್ಕೊಳ್ಳಲ್ಲ."

ಈ ಮಾತನ್ನು ಎಷ್ಟು ಸಲ ನನ್ನೊಳಗೆ ತಿರುವಿ ಹಾಕಿದ್ದೇನೋ. ಅವನ ಹೆಸರೇ ಯಾಕೆ ನಾಲಿಗೆಗೆ ಬಂತು? ಪಕ್ಕದಲ್ಲಿದ್ದ, ಸ್ನೇಹಿತ, ಸಲಿಗೆ — ಇವೆಲ್ಲ ನಾನು ನನಗೇ ಹೇಳಿಕೊಂಡ ಸುಳ್ಳುಗಳು. ಆ ಕೋಣೆಯಲ್ಲಿ ಯಾರ ಬ್ಯಾಗನ್ನು ಬಿಚ್ಚಿದರೆ ಯಾರೂ ಸಿಟ್ಟಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನು ತಪ್ಪು ತಿಳಿದರೂ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ಬೀದಿಯ ಹೆಸರು ಕೇಳಿದವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ನಾನು ಅವರಿಗಿಂತ ಬೇರೆ ಎಂದುಕೊಂಡಿದ್ದೆ, ಅಷ್ಟೇ.

ಸಿದ್ದರಾಜು ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎನ್ನುವವನ ಹಾಗೆ ನೋಡಿದ. ನಾನು ಕಣ್ಣು ತಗ್ಗಿಸಿದೆ. ಅವನು ಬ್ಯಾಗನ್ನು ಎತ್ತಿ ಮೇಜಿನ ಮೇಲಿಟ್ಟು ತಾನೇ ಜಿಪ್ ಎಳೆದ.

ಸ್ಕ್ರೂಡ್ರೈವರುಗಳು. ಒಂದು ಟವೆಲ್ಲು. ಬಿಡಿ ಟಯರೊಂದು. ಆಮೇಲೆ ದೊಡ್ಡದೊಂದು ಸ್ಟೀಲ್ ಡಬ್ಬಿ. ಅದರ ತುಂಬ ಒಬ್ಬಟ್ಟು. ಮಂಗಳಾ ಎಲ್ಲರಿಗೂ ಆಗುವಷ್ಟು ಮಾಡಿ ಕಳಿಸಿದ್ದಳು. ಅವನು ಬೆಳಗಿನಿಂದ ಅದನ್ನು ಹೊರಗೆ ತೆಗೆದಿರಲಿಲ್ಲ. ಕೊಡಲೋ ಬೇಡವೋ, ಇವರು ತಿನ್ನುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದನೇನೋ. ಆ ಮೈಸೂರಿನವರು ಅವನದೇ ಸ್ಕ್ರೂಡ್ರೈವರಿನ ತುದಿಯಿಂದ ಒಬ್ಬಟ್ಟುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ನೋಡಿದರು.

ಎಲ್ಲರ ಕಣ್ಣೂ ಡಬ್ಬಿಯ ಮೇಲಿತ್ತು. ನಾನು ಜೇಬಿನಿಂದ ಗ್ರಿಲ್ಲನ್ನು ಎಳೆದು, ನನ್ನ ಕುರ್ಚಿಯ ಪಕ್ಕ ಮೆಲ್ಲಗೆ ಜಾರಬಿಟ್ಟೆ. ಯಾರಾದರೂ ನೋಡಲಿ, ಇಲ್ಲೇ ಬಿದ್ದಿತ್ತಲ್ಲ ಎನ್ನಲಿ, ಎಲ್ಲರೂ ನಗಲಿ, ಮುಗಿಯಲಿ — ನನ್ನ ಯೋಚನೆ ಅಷ್ಟೇ ಇತ್ತು. ನುಣುಪಾದ ಗ್ರಾನೈಟ್ ನೆಲ. ಅದು ಜಾರಿಕೊಂಡು ಹೋಗಿ ಸಿದ್ದರಾಜುವಿನ ಕುರ್ಚಿಯ ಕೆಳಗೆ ನಿಂತಿತು.

ಯಾರೋ ಬಗ್ಗಿ ಎತ್ತಿದರು. ಎಲ್ಲಿಂದ ಎತ್ತಿದರು ಎಂಬುದನ್ನು ಎಲ್ಲರೂ ನೋಡಿದರು. ಯಾರೂ ನಗಲಿಲ್ಲ.

"ನಾನ್ ತಗಂಡಿಲ್ಲ ಸಾ," ಎಂದ ಸಿದ್ದರಾಜು.

"ನಾನೇನಾದ್ರೂ ಅಂದ್ನಾ?" ಎಂದರು ರೇಣುಕಾಪ್ರಸಾದರು, ತುಂಬ ಮೃದುವಾಗಿ. "ಸಿಕ್ತಲ್ಲ, ಬಿಡಿ. ಇದರ ಬಗ್ಗೆ ಯಾರೂ ಮಾತಾಡಬೇಡಿ. ಊಟ ಮಾಡಿ."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಕ್ಷಮಿಸಿಬಿಟ್ಟರು. ಮಾಡದ ಕಳ್ಳತನಕ್ಕೆ ಎಲ್ಲರ ಎದುರು ಕ್ಷಮೆ ಸಿಕ್ಕವನು ಏನು ಹೇಳಬೇಕು? ಅವನು ಡಬ್ಬಿಯ ಮುಚ್ಚಳ ಹಾಕಿ, ಲಾರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದ. ನಾನೂ ಎದ್ದೆ.

ನನ್ನ ಸ್ಕೂಟರಿನ ಹಿಂದೆ ಕೂತು ನಂಜನಗೂಡಿನವರೆಗೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನನ್ನ ಎದುರು ನಿಂತು ಕೇಳಿದ.

"ಡ್ಯೂಟಿ ಮ್ಯಾಲೆ ಚೆಕಿಂಗ್‌ನೋರು ಬಸ್ ಅತ್ತಿ ನನ್ ಬ್ಯಾಗ್ ನೋಡ್ತಾರೆ. ನಂಗೇನೂ ಬೇಜಾರಿಲ್ಲ, ಅವ್ರ ಕೆಲ್ಸ ಅದು. ಯೂನಿಫಾರಂ ಆಕಿರ್ತಾರೆ. ನೀನ್ ಯಾವ್ ಯೂನಿಫಾರಂ ಆಕಿದ್ದೆ ಪ್ರಭು?"

"ನಿನ್ ಒಳ್ಳೇದಕ್ಕೇ ಅಂದಿದ್ದು ಕಣೋ," ಎಂದೆ.

"ಓ," ಎಂದ. ಅಷ್ಟೇ. ನಿಂತಿದ್ದ ಬಸ್ಸು ಹತ್ತಿ ಹೋದ.

ಲ್ಯಾಬಿಗೆ ಬಂದು ಆ ನೀಲಿ ಅಚ್ಚನ್ನು ಬ್ಲೇಡಿನಿಂದ ಚೂರು ಚೂರು ಮಾಡಿ ಕಸದ ಗಾಡಿಗೆ ಹಾಕಿದೆ. ಅವನಿಗೆಂದು ತೆಗೆದದ್ದು. ಅವನಿಗೂ ಇಲ್ಲದಂತಾಯಿತು.

ಮಾತಾಡಬೇಡಿ ಎಂದಿದ್ದರಿಂದಲೇ ಎಲ್ಲರೂ ಮಾತಾಡಿದರು. ವಾಟ್ಸಾಪ್ ಗುಂಪಿನಿಂದ ಅವನನ್ನು ಸದ್ದಿಲ್ಲದೆ ತೆಗೆದರು. ಗುಂಪಿನವನೊಬ್ಬ ಯಾವಾಗಲೋ ಅವನ ಬಸ್ಸು ಹತ್ತಿ, ತನ್ನ ಚೀಲವನ್ನು ಎದೆಗೆ ಅವುಚಿಕೊಂಡು, "ಕಂಡಕ್ಟರೇ, ನನ್ ವಸ್ತು ಹುಷಾರು" ಎಂದು ತಮಾಷೆ ಮಾಡಿದನಂತೆ. ಕೇಳಿಸಿಕೊಂಡ ಪ್ರಯಾಣಿಕರು ವಿಷಯ ಏನೆಂದು ವಿಚಾರಿಸಿದರಂತೆ. ಊರಿನ ಬಸ್ಸು, ದಿನಾ ಅದೇ ಜನ. ಸಿದ್ದರಾಜು ಡಿಪೋದಲ್ಲಿ ಕೇಳಿಕೊಂಡು ಕೊಳ್ಳೇಗಾಲದ ಕಡೆಯ ರೂಟಿಗೆ ಹೋದ. ನಾನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಸ್ವಲ್ಪ ದಿನ ಮಾಡಿದೆ. ಆಮೇಲೆ — ನಿಜ ಹೇಳುತ್ತೇನೆ — ಎತ್ತದಿದ್ದದ್ದೇ ಒಳ್ಳೆಯದಾಯಿತು ಎನಿಸಿತು.

ನಾನು ಮಾತ್ರ ಆ ಗುಂಪನ್ನು ಬಿಡಲಿಲ್ಲ. ವರ್ಷಗಳು ಕಳೆದವು, ನಾನಲ್ಲಿ ಹಿರಿಯನಾದೆ. ಯಾರದೇ ಗೇರ್ ಮುರಿದರೂ ನನ್ನ ಹತ್ತಿರ ಬರುತ್ತಾರೆ. ಹೊಸಬರು ಸೇರಿದಾಗಲೆಲ್ಲ ಯಾರಾದರೊಬ್ಬರು ಆ ಕಥೆ ಹೇಳುತ್ತಾರೆ. "ಒಬ್ಬ ಕಂಡಕ್ಟರ್ ಇದ್ದ, ಒಬ್ಬಟ್ಟಿನ ಡಬ್ಬಿ ತಂದಿದ್ದ…" ಕಥೆ ಹೇಳುತ್ತಾ ಹೇಳುತ್ತಾ ಬದಲಾಗಿ, ಗ್ರಿಲ್ ಒಬ್ಬಟ್ಟಿನ ಕೆಳಗೇ ಸಿಕ್ಕಿತು ಎನ್ನುವವರೆಗೂ ಬಂತು. ಎಲ್ಲರೂ ನಗುತ್ತಾರೆ. ನಾನೂ ನಕ್ಕೆ. ಒಮ್ಮೆಯಲ್ಲ, ಪ್ರತಿಸಲವೂ. ಕದ್ದದ್ದು ಒಂದು ಗಳಿಗೆಯ ಕೆಲಸ, ಮಾತು ಬಾಯಿಜಾರಿ ಬಂದದ್ದು ಎಂದುಕೊಳ್ಳಬಹುದು. ಈ ನಗುವಿಗೆ ಏನು ಹೇಳಲಿ?

ಹೋದ ವರ್ಷ ಕಳಲೆಯ ಶಾಲೆಯ ಮೇಡಂ ಒಬ್ಬರು ಗುಂಪಿಗೆ ಸೇರಿದರು. ತೀರಿಹೋದ ಅಣ್ಣನ ಲಾರಿಗಳನ್ನು ಓಡುವಂತೆ ಮಾಡಬೇಕು ಎಂಬ ಆಸೆ ಅವರಿಗೆ. ಅವರಿಗೂ ಆ ಕಥೆಯನ್ನು ಬಡಿಸಿದರು. ಅವರು ನಗಲಿಲ್ಲ. ಪಾಠ ಕೇಳುವವರ ಹಾಗೆ ಕೇಳಿ, ಸಹಜವಾಗಿ ಒಂದು ಪ್ರಶ್ನೆ ಹಾಕಿದರು.

"ಅವರ ಪಕ್ಕದಲ್ಲಿ ಯಾರು ಕೂತಿದ್ರು?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಪ್ರಭುಸ್ವಾಮಿಯವರೇ ಇದ್ರಲ್ಲ" ಎಂದರು ಯಾರೋ, ಕಾಫಿ ಕುಡಿಯುತ್ತಾ. ಯಾರಿಗೂ ಏನೂ ಹೊಳೆಯಲಿಲ್ಲ. ಮೇಡಂ ನನ್ನತ್ತ ನೋಡಿದರು. ನಾನು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ.

ಮಾರನೆಯ ದಿನ ಟಿ. ನರಸೀಪುರಕ್ಕೆ ಹೋದೆ. ಸಿದ್ದರಾಜು ಮನೆಯಲ್ಲಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿ ಕೂರಿಸಿದ. ಮಂಗಳಾ ಒಳಗಿನಿಂದ ಇಣುಕಿದಳು, ಬಾ ಅಣ್ಣ ಎನ್ನಲಿಲ್ಲ. ಲಾರಿ ಎಲ್ಲೂ ಕಾಣಲಿಲ್ಲ. ಕೇಳಿದೆ.

"ಗುಜರಿಗೇ ಕೊಟ್ಟೆ. ಅಲ್ಲಿಂದ್ಲೇ ಬಂದಿತ್ತಲ್ಲ."

ನಾನು ಹೇಳಿದೆ. ಪುಟ್ಟಿ, ಬಚ್ಚಲು, ಜೇಬು, ನೆಲ — ಎಲ್ಲವನ್ನೂ. ಹೇಳುತ್ತಾ ಅತ್ತೆ. ಅವನು ನಾನು ಮುಗಿಸುವವರೆಗೂ ಕಾದು, "ಗೊತ್ತು" ಎಂದ.

"ಯಾವಾಗಿಂದ?"

"ಅವತ್ತಿಂದ. ನಿನ್ ಉಗುರ್ ಸಂದೀಲಿ ನೀಲಿ ಪುಟ್ಟಿ ಇತ್ತು. ದಿನಾ ಜನ್ರ ಕೈ ನೋಡೋನು ಕಣ್ಲಾ ನಾನು."

"ಮತ್ತೆ ಅಲ್ಲೇ ಯಾಕ್ ಹೇಳ್ಲಿಲ್ಲ?"

ಅವನು ಆಗ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. "ನಿನ್ ಮಾತ್ಗೆ ನನ್ ಬ್ಯಾಗ್ ಬಿಚ್ಚಿದ್ರು. ನನ್ ಮಾತ್ಗೆ ನಿನ್ ಜೇಬ್ಗೆ ಕೈ ಆಕ್ತಿದ್ರಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು.

"ಗ್ರಿಲ್ ತಗಂಡಿದ್ಕೆ ನಂಗ್ ಬೇಜಾರಿಲ್ಲ," ಎಂದ ಅವನೇ. "ನಂಗೋಸ್ಕರಾನೇ ಇರ್ಬೋದು ಅಂತ್ಲೂ ಅನ್ಕಂಡಿದ್ದೆ. ಆದ್ರೆ 'ಅವ್ನೇನೂ ತಪ್ಪು ತಿಳ್ಕೊಳ್ಳಲ್ಲ' ಅಂದ್ಯಲ್ಲ… ಆ ಮಾತ್ನ ಬೇರೆ ಯಾರಾದ್ರೂ ಅಂದಿದ್ರೆ ತಡ್ಕತಿದ್ದೆ." ಆಮೇಲೆ ಧ್ವನಿ ಗಟ್ಟಿ ಮಾಡಿಕೊಂಡು, "ನಂಗೆ ಗೊತ್ತಿರೋದನ್ನ ನಂಗೇ ಯಾಕ್ ಏಳ್ತೀಯ? ಅಲ್ಲೋಗಿ ಅವ್ರಿಗ್ ಏಳು" ಎಂದ.

ಮುಂದಿನ ಭೇಟಿಗೆ ಹೋದೆ. ಊಟಕ್ಕೆ ಮೊದಲು, ಎಲ್ಲರೂ ಮೇಜಿನ ಸುತ್ತ ಇದ್ದಾಗ, ಎದ್ದು ನಿಂತು ಹೇಳಿದೆ. ಈ ಸಲ ಅಳಲಿಲ್ಲ. ನನ್ನ ಬ್ಯಾಗನ್ನು ಮೇಜಿನ ಮೇಲಿಟ್ಟು, ಅವತ್ತು ನೋಡಬೇಕಾಗಿದ್ದದ್ದು ಇದನ್ನು, ಈಗಲಾದರೂ ಬಿಚ್ಚಿ ನೋಡಿ ಎಂದೆ.

ಬೈಯುತ್ತಾರೆ, ಹೊರಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧನಾಗಿ ಹೋಗಿದ್ದೆ. ಆದದ್ದೇ ಬೇರೆ. ರೇಣುಕಾಪ್ರಸಾದರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ. ಒಪ್ಕೊಳ್ಳೋ ದೊಡ್ಡತನ ಎಷ್ಟು ಜನಕ್ಕಿದೆ ಹೇಳಿ?" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಬ್ಯಾಗನ್ನು ಬಿಚ್ಚದೆಯೇ ನಗುತ್ತಾ ನನ್ನ ಕಡೆಗೇ ತಳ್ಳಿದರು. ಕದ್ದವನು ಕೆಲವೇ ನಿಮಿಷದಲ್ಲಿ ದೊಡ್ಡ ಮನುಷ್ಯನಾಗಿದ್ದ.

"ಸಿದ್ದರಾಜುಗೆ ಒಂದು ಫೋನ್ ಮಾಡಿ ಸಾರ್," ಎಂದೆ. "ನೀವು ಮಾಡಿ."

"ಈಗ ಊಟದ ಹೊತ್ತು," ಎಂದರು. "ಮುಂದಿನ ಸಲ ಕರ್ಕೊಂಡೇ ಬನ್ನಿ ಅವರನ್ನ. ಹಳೇದೆಲ್ಲ ಯಾಕೆ."

ಮೇಡಂ ಒಬ್ಬರೇ ತಟ್ಟೆ ಸರಿಸಿ ಎದ್ದು ನಂಬರ್ ಕೇಳಿದರು. ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು. "ನಮಸ್ಕಾರ, ನೀವು ನನ್ನನ್ನ ನೋಡಿಲ್ಲ. ಆ ಗ್ರಿಲ್ ನೀವು ತಗೊಂಡಿರಲಿಲ್ಲ ಅಂತ ಇವತ್ತು ಇಲ್ಲಿ ಎಲ್ಲರ ಮುಂದೆ ಗೊತ್ತಾಯ್ತು. ಯಾರಾದ್ರೂ ಒಬ್ಬರು ನಿಮಗೆ ಹೇಳಬೇಕಿತ್ತು, ಅದಕ್ಕೆ ಮಾಡಿದೆ." ಆ ಕಡೆಯಿಂದ ಏನು ಬಂತೋ. ಫೋನ್ ಇಟ್ಟು, "ಸರಿ ಮೇಡಂ ಅಂದ್ರು, ಅಷ್ಟೇ" ಎಂದರು. ಅವರು ಊಟ ಮಾಡದೆ ಹೊರಟರು. ಅವರ ಹಿಂದೆಯೇ ನಾನೂ ಹೊರಟೆ. ಮತ್ತೆ ಅಲ್ಲಿಗೆ ಹೋಗಿಲ್ಲ.

ನಡೆದದ್ದನ್ನು ಹೇಳಲು ಮತ್ತೊಮ್ಮೆ ಸಿದ್ದರಾಜುವಿನ ಮನೆಗೆ ಹೋದೆ. ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ನಿನ್ ಬ್ಯಾಗ್ ನೋಡಿದ್ರಾ?"

"ಇಲ್ಲ."

ಅವನು ತಲೆಯಾಡಿಸಿದ. ಗೆದ್ದವನ ಹಾಗಲ್ಲ, ಸೋತವನ ಹಾಗೂ ಅಲ್ಲ. ಬೀದಿಯ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. "ನೀರ್ ಬಂತು," ಎಂದು ಕೊಡ ತೆಗೆದುಕೊಂಡು ಹೋದ. ಕೂತಿರು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಕ್ಷಮಿಸು ಎಂದು ಅವನನ್ನು ಕೇಳಿಲ್ಲ. ಕೇಳುವುದಿಲ್ಲ. ಕೇಳಿದರೆ ಅವನು ಏನಾದರೊಂದು ಉತ್ತರ ಕೊಡಬೇಕಾಗುತ್ತದೆ, ಆ ಭಾರವನ್ನೂ ಅವನ ಮೇಲೆ ಹೊರಿಸಲಾರೆ. ನಾನು ಮಾಡಬಹುದಾದದ್ದು ಇಷ್ಟೇ — ಅವರು ಚಪ್ಪಾಳೆ ತಟ್ಟಿ ಮುಗಿಸಿದ್ದನ್ನು ಮುಗಿಯಲು ಬಿಡದಿರುವುದು. ಆ ಕಥೆ ಈಗಲೂ ಓಡಾಡುತ್ತಿದೆ. ನಂಜನಗೂಡಿನಲ್ಲೋ, ಮೈಸೂರಿನಲ್ಲೋ, ಬಸ್ಸಿನಲ್ಲೋ ಯಾರಾದರೂ ನಿಮಗೆ ಅದನ್ನು ಹೇಳಿ ನಗಿಸಲು ಹೊರಟರೆ, ದಯವಿಟ್ಟು ಅರ್ಧಕ್ಕೇ ನಿಲ್ಲಿಸಿ. 'ಒಬ್ಬ ಕಂಡಕ್ಟರ್ ಇದ್ದ' ಎಂದು ಅವರು ಶುರು ಮಾಡುವ ಜಾಗದಲ್ಲಿ ನನ್ನ ಹೆಸರು ಹಾಕಿ.